ಅಜ್ಜಿಯ ಬಾಣಲೆ, ತಾತನ ಏರ್ ಫ್ರೈಯರ್

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಮೂರು ತಿಂಗಳು ಬಿಚ್ಚದೆ ಕುಳಿತಿತ್ತು. ಒಳಗಿದ್ದದ್ದು ಏರ್ ಫ್ರೈಯರ್. ಬೆಂಗಳೂರಿನಲ್ಲಿರುವ ಮಗ ಕಳಿಸಿದ್ದು. ಅದಕ್ಕೆ ಕಾರಣವಿತ್ತು. ಹೋದ ಗಣೇಶನ ಹಬ್ಬದಲ್ಲಿ ನಮ್ಮ ಮನೆಯಾಕೆ ಕರಿಗಡುಬು ಕರಿಯುತ್ತಿದ್ದಾಗ ಕೈ ನಡುಗಿ ಜಾಲರಿ ಸೌಟು ಬಾಣಲೆಯೊಳಕ್ಕೆ ಬಿತ್ತು. ಕಾದ ಎಣ್ಣೆ ಸಿಡಿದು ಬಲಗಾಲು ಸುಟ್ಟಿತು. ಆಕೆಗೆ ಎಪ್ಪತ್ತು ದಾಟಿದೆ, ಒಂದೆರಡು ವರ್ಷದಿಂದ ಕೈ ನಡುಕ. ಗಾಯ ಮಾಯಲು ಮೂರು ವಾರ ಹಿಡಿಯಿತು. ಗಾಯಕ್ಕಿಂತ ಹೆಚ್ಚಾಗಿ ಆಕೆಯ ನಿದ್ದೆ ಕೆಡಿಸಿದ್ದು ಬೇರೆ ಯೋಚನೆ. ಕಡುಬಿಗಾಗಿ ಕಾಯುತ್ತಾ ಆರನೇ ತರಗತಿಯ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು.

"ಅಮ್ಮಾ, ಇನ್ನು ಬಾಣಲೆ ಬೇಡ" ಎಂದ ಮಗ, ವಾರದೊಳಗೆ ಪೆಟ್ಟಿಗೆ ಕಳಿಸಿದ. ಆಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಇಷ್ಟು ವರ್ಷ ಕರಿದಿದ್ದೀನಿ. ಒಂದು ಸಲ ಕೈ ತಪ್ಪಿದ್ದಕ್ಕೆ ಡಬ್ಬ ಕಳಿಸಿದಾನೆ ನೋಡಿ" ಎಂದಳು. ಬಾಣಲೆಯನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಕರಿದ ತಿಂಡಿಯೇ ನಿಂತುಹೋಯಿತು.

ಕ್ರಿಸ್‌ಮಸ್ ರಜೆಯಲ್ಲಿ ಮೊಮ್ಮಗಳು ಪೆಟ್ಟಿಗೆ ಇಳಿಸಲು ಹಟ ಹಿಡಿದಳು. "ತಾತ, ನೀವೇ ಮಾಡಿ. ನಾನು ಸಹಾಯ ಮಾಡ್ತೀನಿ." ನಾನೋ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅಡುಗೆಮನೆಯಲ್ಲಿ ನನಗೆ ಬರುತ್ತಿದ್ದುದು ಕಾಫಿ ಡಿಕಾಕ್ಷನ್ ಇಳಿಸುವುದು ಮತ್ತು ಅನ್ನ ಇಡುವುದು, ಅಷ್ಟೆ. ಆದರೆ ಲೆಕ್ಕ ಬರೆಯಲು ಬರುತ್ತದಲ್ಲ! ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಅಂಕಣ ಮಾಡಿದೆ: ದಿನಾಂಕ, ಪದಾರ್ಥ, ಎಷ್ಟು ಡಿಗ್ರಿ, ಎಷ್ಟು ನಿಮಿಷ, ಕೊನೆಯಲ್ಲಿ ಷರಾ. ಹೊಸದಾಗಿ ಈ ಯಂತ್ರ ತಂದವರು ಯಾರೇ ಆಗಲಿ, ಮೊದಲು ಇಂಥದೊಂದು ಪುಸ್ತಕ ಇಡಿ ಎಂದು ನಾನು ಹೇಳುತ್ತೇನೆ. ಒಬ್ಬರ ಮನೆಯ ಯಂತ್ರದ 180 ಡಿಗ್ರಿ ಇನ್ನೊಬ್ಬರ ಮನೆಯದರಂತೆ ಇರುವುದಿಲ್ಲ.

ಮೊದಲನೇ ದಿನದ ಷರಾ ಹೀಗಿದೆ: "ಏನೂ ಬೇಯಲಿಲ್ಲ. ಪ್ಲಗ್ ಬಿಸಿಯಾಯಿತು." ತಪ್ಪು ನನ್ನದೇ. ಟಿ.ವಿ. ಹಿಂದಿನ ಎಕ್ಸ್‌ಟೆನ್ಷನ್ ವೈರು ತಂದು ಸಿಕ್ಕಿಸಿದ್ದೆ. ಐದೇ ನಿಮಿಷಕ್ಕೆ ಸುಟ್ಟ ವಾಸನೆ. ಮಕ್ಕಳೇ, ಇದೊಂದು ಭಾಗಾಕಾರದ ಲೆಕ್ಕ, ನೀವೇ ಮಾಡಬಹುದು. ನಮ್ಮ ಯಂತ್ರದ ತಳದಲ್ಲಿ 1500 ವ್ಯಾಟ್ ಎಂದು ಬರೆದಿದೆ. ಮನೆಗೆ ಬರುವ ಕರೆಂಟು 230 ವೋಲ್ಟ್. 1500ನ್ನು 230ರಿಂದ ಭಾಗಿಸಿದರೆ ಆರೂವರೆ ಆಂಪಿಯರ್ ಬರುತ್ತದೆ. ಗೋಡೆಯ ಚಿಕ್ಕ ಸಾಕೆಟ್ಟು ತಡೆಯುವುದು ಆರು ಆಂಪಿಯರ್ ಮಾತ್ರ. ಆದ್ದರಿಂದ ಗೀಸರಿಗೆ, ಫ್ರಿಜ್ಜಿಗೆ ಇರುತ್ತದಲ್ಲ, ಆ ದೊಡ್ಡ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ಕೂಡದು. ನಮ್ಮದು ಹಳೆಯ ಮನೆ, ಅಡುಗೆಮನೆಯಲ್ಲಿ ದೊಡ್ಡ ಸಾಕೆಟ್ಟೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಬೇರೆ ವೈರು ಎಳೆದು ಹಾಕಿಕೊಟ್ಟ. ಯಂತ್ರದ ಬೆಲೆಯ ಜೊತೆಗೆ ಈ ಖರ್ಚನ್ನೂ ಸೇರಿಸಿಕೊಳ್ಳಿ.

ಕರೆಂಟು ಎಷ್ಟು ತಿನ್ನುತ್ತದೆ ಎಂದು ನನ್ನ ಓರಗೆಯವರೆಲ್ಲ ಕೇಳುತ್ತಾರೆ. 1500 ವ್ಯಾಟ್ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್. ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್. ಬೇಕಾದಷ್ಟು ಕಾದ ಮೇಲೆ ಸುರುಳಿ ಆಗಾಗ ತಾನೇ ಆರಿ ಹೊತ್ತಿಕೊಳ್ಳುವುದರಿಂದ ಅದಕ್ಕೂ ಸ್ವಲ್ಪ ಕಡಿಮೆಯೇ. ಚೆಸ್ಕಾಂ ಬಿಲ್ಲಿಗೆ ಹೆದರುವಷ್ಟೇನೂ ಇಲ್ಲ.

ಈ ಯಂತ್ರ ಹೆಸರಿನಂತೆ ಕರಿಯುವುದೇ ಇಲ್ಲ. ಮೇಲ್ಗಡೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು. ಬಿಸಿಗಾಳಿ ರಭಸವಾಗಿ ಕೆಳಕ್ಕೆ ನುಗ್ಗಿ, ತೂತು ಬುಟ್ಟಿಯಲ್ಲಿಟ್ಟ ಪದಾರ್ಥವನ್ನು ಸುತ್ತಿ ಮೇಲೇರುತ್ತದೆ. ನೆದರ್ಲೆಂಡ್ಸಿನ ಫ್ರೆಡ್ ವಾನ್ ಡರ್ ವೈ ಎಂಬುವರು ಇದನ್ನು ರೂಪಿಸಿದರು. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಹೊರತಂದಿತು. ನಿಜ ಹೇಳಬೇಕೆಂದರೆ ಇದು ಬೇಕರಿಯ ಅವನ್ನಿನ ಪುಟ್ಟ ತಮ್ಮ, ಜೊತೆಗೊಂದು ಜೋರು ಗಾಳಿ. ಆಷಾಢದ ಗಾಳಿಗೆ ಮಹಡಿಯ ಮೇಲಿನ ಬಟ್ಟೆ ಬಿಸಿಲಿಲ್ಲದಿದ್ದರೂ ಬೇಗ ಒಣಗುತ್ತದಲ್ಲವೇ? ಹಾಗೆಯೇ ಪದಾರ್ಥದ ಮೈಮೇಲಿನ ತೇವವನ್ನು ಗಾಳಿ ಹೊತ್ತೊಯ್ಯುತ್ತದೆ. ಒಣಗಿದ ಮೈ 140 ಡಿಗ್ರಿ ದಾಟಿದರೆ ಹೊಂಬಣ್ಣಕ್ಕೆ ತಿರುಗುತ್ತದೆ, ಘಮ್ಮೆನ್ನುತ್ತದೆ. ಹಿಟ್ಟಿನಲ್ಲಿರುವ ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಸೇರಿ ಆಗುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಮಯಾರ್ 1912ರಲ್ಲಿ ವಿವರಿಸಿದ.

ಆದರೆ 180 ಡಿಗ್ರಿಯ ಗಾಳಿಯೂ 180 ಡಿಗ್ರಿಯ ಎಣ್ಣೆಯೂ ಒಂದೇ ಅಲ್ಲ. ಎಣ್ಣೆ ಪದಾರ್ಥವನ್ನು ಎಲ್ಲ ಕಡೆಯಿಂದ ಅಪ್ಪಿ ಹಿಡಿದು ಶಾಖವನ್ನು ಒಮ್ಮೆಲೇ ಕೊಡುತ್ತದೆ. ಗಾಳಿ ನಿಧಾನವಾಗಿ ಕೊಡುತ್ತದೆ. ಬೇಕರಿಯವನು ಅವನ್ನಿನೊಳಗೆ ಕೈ ಹಾಕಿ ತಟ್ಟೆ ಎಳೆಯುತ್ತಾನೆ, ಕಾದ ಎಣ್ಣೆಗೆ ಯಾರಾದರೂ ಕೈ ಹಾಕುತ್ತಾರೆಯೇ? ಇದೊಂದು ಮಾತು ಗೊತ್ತಿದ್ದರೆ ಯಾವುದು ಇದರಲ್ಲಿ ಆಗುತ್ತದೆ, ಯಾವುದು ಆಗದು ಎಂದು ಮೊದಲೇ ಊಹಿಸಬಹುದು. ನನಗೆ ಗೊತ್ತಿರಲಿಲ್ಲ. ಹಾಗಾಗಿ ಎರಡನೇ ದಿನವೇ ಬೋಂಡ ಮಾಡಲು ಹೊರಟೆ.

ಎಣ್ಣೆಯಲ್ಲಿ ಬಿಟ್ಟ ತಕ್ಷಣ ಹಿಟ್ಟಿನ ಹೊರಪದರ ಗಟ್ಟಿಯಾಗುತ್ತದೆ. ಗಾಳಿಗೆ ಆ ಆತುರವಿಲ್ಲ. ಕಡಲೆಹಿಟ್ಟು ಬುಟ್ಟಿಯ ತೂತಿನಲ್ಲಿ ಸೋರಿ ಕೆಳಗಿನ ತಟ್ಟೆಯಲ್ಲಿ ದೋಸೆಯಾಯಿತು. ಮೇಲೆ ಉಳಿದದ್ದು ಬೆತ್ತಲೆ ಆಲೂಗೆಡ್ಡೆ ಉಂಡೆ. ಮೊಮ್ಮಗಳು ನಕ್ಕು ನಕ್ಕು ನೆಲಕ್ಕೆ ಕುಳಿತಳು. ಮನೆಯಾಕೆ ಬಾಗಿಲವರೆಗೆ ಬಂದು ನೋಡಿ, ಏನೂ ಹೇಳದೆ ಹೋದಳು. ಬೋಂಡ, ಬಜ್ಜಿ, ಉದ್ದಿನ ವಡೆ ಇವೆಲ್ಲ ಬಾಣಲೆಯ ಸ್ವತ್ತು. ಪೂರಿಯೂ ನಮ್ಮಲ್ಲಿ ಚೆನ್ನಾಗಿ ಉಬ್ಬಲಿಲ್ಲ.

ಹೊಸಬರು ಕಡಲೆಕಾಯಿ ಬೀಜದಿಂದ ಶುರು ಮಾಡುವುದು ಒಳ್ಳೆಯದು. ಒಂದು ಲೋಟ ಬೀಜ, 160 ಡಿಗ್ರಿ, ಎಂಟು ನಿಮಿಷ, ನಡುವೆ ಎರಡು ಸಲ ಬುಟ್ಟಿ ಕುಲುಕಿ. ಇನ್ನೂ ಸ್ವಲ್ಪ ಬೇಕೇನೋ ಎನ್ನುವಾಗಲೇ ತೆಗೆದುಬಿಡಿ, ಹೊರಗೆ ಬಂದ ಮೇಲೂ ತನ್ನ ಬಿಸಿಗೇ ಹುರಿಯುತ್ತಿರುತ್ತದೆ. ಹಪ್ಪಳಕ್ಕೆ ಎರಡೂ ಕಡೆ ಎಣ್ಣೆ ಸವರಿ, ಮೇಲೊಂದು ಸ್ಟೀಲಿನ ಜಾಲರಿ ಕವುಚಿ ಇಡಬೇಕು. ಇಲ್ಲದಿದ್ದರೆ ಹಗುರ ಹಪ್ಪಳ ಗಾಳಿಗೆ ಹಾರಿ ಕಾಯುವ ಸುರುಳಿಗೆ ಅಂಟಿಕೊಳ್ಳುತ್ತದೆ. ಒಂದೆರಡು ನಿಮಿಷ ಸಾಕು.

ಆಲೂಗೆಡ್ಡೆಗೆ ಸ್ವಲ್ಪ ಶ್ರಮ ಬೇಕು, ಆದರೆ ಮಕ್ಕಳಿಗೆ ಇದೇ ಇಷ್ಟ. ಬೆರಳುದ್ದ ಹೆಚ್ಚಿ ಅರ್ಧ ಗಂಟೆ ನೀರಿನಲ್ಲಿ ಬಿಡಿ. ನೀರು ಬೆಳ್ಳಗಾಗುವುದು ಪಿಷ್ಟ ಬಿಟ್ಟುಕೊಳ್ಳುವುದರಿಂದ. ಆಮೇಲೆ ಬಟ್ಟೆಯಲ್ಲಿ ಪೂರಾ ಒರೆಸಿ. ಈ ಒರೆಸುವುದರಲ್ಲೇ ಗರಿಗರಿಯ ಗುಟ್ಟಿದೆ. ಒದ್ದೆಯಿದ್ದರೆ ಹಬೆಯಲ್ಲಿ ಬೆಂದಂತಾಗುತ್ತದೆ. ಒಂದು ಟೀ ಚಮಚ ಎಣ್ಣೆ ಹಾಕಿ ಕಲೆಸಿ, ಅರ್ಧ ಬುಟ್ಟಿ ಮೀರದಂತೆ ಹರಡಿ, 180 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ಬುಟ್ಟಿ ತುಂಬಾ ತುಂಬಿದರೆ ಗಾಳಿ ಆಡುವುದಿಲ್ಲ. ಹೊಂಬಣ್ಣಕ್ಕೇ ನಿಲ್ಲಿಸಿ, ಕಂದು ಮಾಡಬೇಡಿ. ಪಿಷ್ಟದ ಪದಾರ್ಥಗಳು 120 ಡಿಗ್ರಿ ಮೀರಿ ಕಾದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ಇನ್ನು ಕೊಬ್ಬಿನ ಲೆಕ್ಕ: ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿ, ಒಂದು ಟೀ ಚಮಚಕ್ಕೆ ಸುಮಾರು ನಲವತ್ತು. ಹಾಗೆಂದು ದಿನಾ ತಿನ್ನಬಹುದೆಂದಲ್ಲ, ಆಲೂಗೆಡ್ಡೆ ಆಲೂಗೆಡ್ಡೆಯೇ.

ದೇವರಾಜ ಮಾರುಕಟ್ಟೆಯಿಂದ ತಂದ ಗುಂಡುಬದನೆಯನ್ನು ಫೋರ್ಕಿನಲ್ಲಿ ಅಲ್ಲಲ್ಲಿ ಚುಚ್ಚಿ (ಚುಚ್ಚದಿದ್ದರೆ ಸಿಡಿಯುತ್ತದೆ) ಎಣ್ಣೆ ಸವರಿ 200 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಸಿಪ್ಪೆ ಸಲೀಸಾಗಿ ಬಂತು, ಒಳಗೆ ಬೆಣ್ಣೆಯಂತೆ ಬೆಂದಿತ್ತು. ಗೊಜ್ಜು ಮಾಡಿದ್ದು ಮನೆಯಾಕೆ. ಅಂತೂ ಒಳಗೆ ಬಂದಳು! "ಕೆಂಡದಲ್ಲಿ ಸುಟ್ಟ ವಾಸನೆ ಇಲ್ಲ" ಎಂದು ಷರಾ ಅಂಕಣಕ್ಕೆ ಹೇಳಿ ಬರೆಸಿದಳು. ನಿಜವೇ, ಇದರಲ್ಲಿ ಹೊಗೆಯಿಲ್ಲ.

ಮುದುಕರಿಗೆ ಎರಡು ತೊಂದರೆಗಳಿವೆ. ಯಂತ್ರದ ಮೇಲಿನ ಅಕ್ಷರ ಇರುವೆಯಷ್ಟು ಸಣ್ಣದು, ಮುಗಿದಾಗ ಬರುವ ಬೀಪ್ ಸದ್ದು ನನ್ನ ಕಿವಿಗೆ ಬೀಳುವುದಿಲ್ಲ. ಮೊದಲನೆಯದಕ್ಕೆ ಮೊಮ್ಮಗಳು ಕೆಂಪು ನೇಲ್ ಪಾಲಿಷಿನಲ್ಲಿ 160 ಮತ್ತು 180ರ ಹತ್ತಿರ ಚುಕ್ಕೆ ಇಟ್ಟಳು. ಎರಡನೆಯದಕ್ಕೆ ಅವಳೇ ಮದ್ದು. ಆದರೆ ಮಕ್ಕಳೇ, ಬುಟ್ಟಿ ಹೊರಗೆಳೆಯುವುದು ನಿಮ್ಮ ಕೆಲಸವಲ್ಲ. ಎಣ್ಣೆ ಇಲ್ಲ ಎಂದ ಮಾತ್ರಕ್ಕೆ ಅದು ಸುಡದೆ ಬಿಡುವುದಿಲ್ಲ. ಹಿಂಬದಿಯಿಂದ ಬಿಸಿಗಾಳಿ ಬರುತ್ತದೆ, ಗೋಡೆಗೆ ಒತ್ತಿ ಇಡಬಾರದು. ಬುಟ್ಟಿ ತಣ್ಣಗಾದ ಮೇಲೆ ಮೆತ್ತನೆಯ ಸ್ಪಂಜಿನಲ್ಲಿ ತೊಳೆಯಿರಿ, ಸ್ಟೀಲಿನ ನಾರು ಹಾಕಿದರೆ ಮೇಲಿನ ಲೇಪ ಕಿತ್ತುಬರುತ್ತದೆ.

ರಜೆ ಮುಗಿಯುವ ಹಿಂದಿನ ದಿನ ಮೊಮ್ಮಗಳು, "ಅಜ್ಜೀ, ಮದ್ದೂರು ವಡೆ ಇದರಲ್ಲಿ ಬರಲ್ವಾ?" ಎಂದಳು. ಮದ್ದೂರು ವಡೆ ಹುಟ್ಟಿದ್ದೇ ಅವಸರದಲ್ಲಂತೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯರು, ರೈಲು ಬರುವ ಹೊತ್ತಾಯಿತೆಂದು ಪಕೋಡದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರು ಎಂದು ಹೇಳುವುದುಂಟು. ಮನೆಯಾಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಬರಬಹುದು. ಅದು ಗಟ್ಟಿ ಹಿಟ್ಟು, ಸೋರಲ್ಲ. ಹಿಟ್ಟಿನೊಳಗೇ ತುಪ್ಪ ಇರತ್ತೆ." ಇಷ್ಟು ದಿನ ನಾನು ಪುಸ್ತಕದಲ್ಲಿ ಬರೆದು ಬರೆದು ಕಲಿತದ್ದನ್ನು ಆಕೆ ನಿಂತಲ್ಲೇ ಹೇಳಿದ್ದಳು.

ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಮೈದಾ, ಉದ್ದಕ್ಕೆ ತೆಳ್ಳಗೆ ಹೆಚ್ಚಿದ ಎರಡು ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಉಪ್ಪು, ಮೂರು ಚಮಚ ಬಿಸಿ ತುಪ್ಪ. ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿದರೆ ನೀರು ಬಿಡುತ್ತದೆ, ಮೇಲೆ ಚಿಮುಕಿಸಿಕೊಂಡರೆ ಸಾಕು. ಅಜ್ಜಿ ಹದ ಹೇಳಿದಳು, ಮೊಮ್ಮಗಳು ಬಾಳೆಎಲೆಯ ಮೇಲೆ ತಟ್ಟಿದಳು. ಬುಟ್ಟಿಯನ್ನು ಐದು ನಿಮಿಷ ಖಾಲಿ ಕಾಯಿಸಿ, ವಡೆಗಳ ಎರಡೂ ಕಡೆ ಎಣ್ಣೆ ಸವರಿ, 170 ಡಿಗ್ರಿಯಲ್ಲಿ ಹತ್ತು ನಿಮಿಷ, ಮಗುಚಿ ಮತ್ತೆ ಎಂಟು ನಿಮಿಷ ಇಟ್ಟೆ.

ಅಂಚು ಗರಿಗರಿ, ನಡುವೆ ಸ್ವಲ್ಪ ಬಿರುಸು. ಮನೆಯಾಕೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಇದಕ್ಕೆ ಮದ್ದೂರು ವಡೆ ಅಂತ ಬರೀಬೇಡಿ ರೀ. ಬೇರೆ ಹೆಸರಿಡಿ" ಎಂದಳು. ಆಮೇಲೆ ಪೆನ್ನು ಇಸಿದುಕೊಂಡು ಷರಾ ಅಂಕಣದಲ್ಲಿ ತಾನೇ ಬರೆದಳು: "ತುಪ್ಪ ಇನ್ನೊಂದು ಚಮಚ. ಇನ್ನೂ ತೆಳ್ಳಗೆ ತಟ್ಟಬೇಕು." ಅಕ್ಷರ ನಡುಗಿದೆ, ಆದರೆ ಓದಬಹುದು. ಅದರ ಕೆಳಗಿನ ಸಾಲಿನಲ್ಲಿ ಪದಾರ್ಥ ಕರಿಗಡುಬು, ಡಿಗ್ರಿ ಮತ್ತು ನಿಮಿಷ ಖಾಲಿ. ದಿನಾಂಕದ ಅಂಕಣದಲ್ಲಿ ಆಕೆ "ಗಣೇಶನ ಹಬ್ಬಕ್ಕೆ ಒಂದು ವಾರ ಮುಂಚೆ" ಎಂದು ಬರೆದಿಟ್ಟಿದ್ದಾಳೆ.