ಲೂಯಿಯ ಕುರ್ಚಿಗೆ ಕಿನ್ನಾಳದ ಕುಂಚ

ಫರ್ನಿಚರ್ ಅಂಗಡಿಗಳಲ್ಲಿ ರಾಜವೈಭವದ ಹೆಸರಿನಲ್ಲಿ ಮಾರುವ, ಬಾಗಿದ ಕಾಲಿನ, ಬಂಗಾರ ಬಣ್ಣದ ಸೋಫಾಗಳ ಮೂಲ ನಮ್ಮ ಅರಮನೆಗಳಲ್ಲಿಲ್ಲ, ಫ್ರಾನ್ಸಿನಲ್ಲಿದೆ. 15ನೇ ಲೂಯಿಯ ಆಳ್ವಿಕೆಯಲ್ಲಿ (1715–1774) ಕುರ್ಚಿಯ ಕಾಲು ಬಳುಕಿತು, ಚೌಕಟ್ಟಿನ ಮೇಲೆ ಚಿಪ್ಪು, ಹೂವು ಅರಳಿದವು. 16ನೇ ಲೂಯಿಯ ಹೊತ್ತಿಗೆ ಅದೇ ಕಾಲು ನೆಟ್ಟಗಾಗಿ, ಉದ್ದಕ್ಕೆ ಗೀರು ಕೊರೆದ ಪುಟ್ಟ ಕಂಬದಂತಾಯಿತು. ಕಾಲು ನೋಡಿದರೆ ಕಾಲ ತಿಳಿಯುತ್ತದೆ. ಆದರೆ ಈ ಶೈಲಿಯನ್ನು ಅಪ್ಪಟ ಫ್ರೆಂಚ್ ಎನ್ನಲಾಗದು. ಅಲ್ಲಿನ ನುರಿತ ಬಡಗಿಗೆ ‘ಎಬೆನಿಸ್ತ್’ ಎಂಬ ಹೆಸರು ಬಂದದ್ದೇ ಹೊರದೇಶದ ಎಬೊನಿ ಮರದಿಂದ. ಮಾರ್ಟಿನ್ ಸಹೋದರರ ಹೆಸರಾಂತ ಮೆರುಗೆಣ್ಣೆ ಚೀನಾ, ಜಪಾನುಗಳ ಅರಗಿನ ಕೆಲಸದ ಅನುಕರಣೆ. ಭಾರತದ ಚೀಟಿ ಬಟ್ಟೆಗೆ ಜನ ಎಷ್ಟು ಮರುಳಾದರೆಂದರೆ, ಸ್ವದೇಶಿ ನೇಕಾರರನ್ನು ಉಳಿಸಲು ಸರ್ಕಾರ 1686ರಿಂದ 1759ರವರೆಗೆ ಅದನ್ನು ನಿಷೇಧಿಸಿತ್ತು. ಹೊರಗಿನ ರುಚಿಯನ್ನು ತಮ್ಮ ಕುಶಲಕರ್ಮಿಯ ಕೈಗೆ ಒಪ್ಪಿಸಿದ್ದೇ ಅವರ ಜಾಣತನ. ನಾವು ಆಕಾರವನ್ನು ತಂದೆವು, ಆ ಪಾಠವನ್ನು ಬಿಟ್ಟೆವು.

ಕೊಪ್ಪಳದ ಸೀಮೆಯವರಿಗಂತೂ ಆ ಕೈಗಾಗಿ ದೂರ ಹುಡುಕಬೇಕಿಲ್ಲ. ಮರದ ದೇವರು, ಗೊಂಬೆಗಳಿಗೆ ಬಣ್ಣ ತುಂಬುವ, ಭೌಗೋಳಿಕ ಸೂಚಿಕೆ ಪಡೆದ ಕಿನ್ನಾಳ ಕಲೆ ಇಲ್ಲಿಯದೇ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ಕಿನ್ನಾಳದ ಚಿತ್ರಗಾರರ ಪೂರ್ವಿಕರವು ಎಂಬ ನಂಬಿಕೆಯಿದೆ. ಫ್ರಾನ್ಸಿನಲ್ಲಿ ಮರಕ್ಕೆ ಅಂಟು ಬೆರೆಸಿದ ಸೀಮೆಸುಣ್ಣದ ಹಲವು ಲೇಪ ಕೊಟ್ಟು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಕಿನ್ನಾಳದಲ್ಲಿ ಗೋಣಿನಾರಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಸರಿ ಕಲಸಿದ ‘ಕಿಟ್ಟ’ವನ್ನು ಹಚ್ಚಿ, ಬಟ್ಟೆಯ ತುಂಡು ಅಂಟಿಸಿ, ಕಲ್ಲುಪುಡಿಯ ಲೇಪದ ಮೇಲೆ ಬಣ್ಣ ಕೊಡುತ್ತಾರೆ. ಒಡವೆಯ ಉಬ್ಬುಗೆಲಸಕ್ಕೂ ಕಲ್ಲುಪುಡಿಯೇ ಬೇಕು. ಸಾಮಗ್ರಿ ಬೇರೆಯಾದರೂ ಉಪಾಯ ಒಂದೇ: ಮರವನ್ನು ಮುಚ್ಚಿ, ನಯ ಮಾಡಿ, ಮೆರೆಸುವುದು. ಹಾಗಿದ್ದಮೇಲೆ ಲೂಯಿ ಶೈಲಿಯ ಸಾಮಾನಿಗೆ ಕಿನ್ನಾಳದ ಕೈಯಿಂದಲೇ ಬಣ್ಣ ಹಾಕಿಸಬಹುದಲ್ಲ.

ದೇವರು, ಗೊಂಬೆ ಮಾಡುವ ಕಲೆಯನ್ನು ಕುರ್ಚಿಗಿಳಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಕೊಳ್ಳುವವರಿಲ್ಲದೆ ಕಸುಬು ನಿಲ್ಲುವುದಕ್ಕಿಂತ ಹೊಸ ಕೆಲಸ ಸಿಗುವುದು ಮೇಲು. ದಿನವೂ ಕೂತರೆ ಬಣ್ಣ ಸವೆಯದೇ ಎಂಬ ಅಳುಕು ನ್ಯಾಯವಾದದ್ದೇ. ಫ್ರೆಂಚರಿಗೂ ಅದು ಗೊತ್ತಿತ್ತು; ಗೋಡೆಗೆ ಒರಗಿಸಿಡುವ ಶೋಭೆಯ ಕುರ್ಚಿಗಳೇ ಬೇರೆ, ಎಳೆದಾಡಿ ಕೂರುವವೇ ಬೇರೆ ಇದ್ದವು. ಹಾಗೆಯೇ ಚಿತ್ತಾರವನ್ನು ಕೈ ಸವರದ ಕಡೆ, ಅಂದರೆ ಕನ್ನಡಿಯ ಚೌಕಟ್ಟಿಗೆ, ಬೆನ್ನೊರಗಿನ ನೆತ್ತಿಗೆ ಇಡಿಸಿದರಾಯಿತು. ಖರ್ಚು ಹೆಚ್ಚೆನ್ನುವವರು ಇಡೀ ಸೆಟ್ ಬಿಟ್ಟು ಒಂದೇ ಸಾಮಾನು ಮಾಡಿಸಲಿ. ಬಂಗಾರದ ಬಣ್ಣ ಬಳಿದ ಐದು ನಕಲು ಆಸನಗಳಿಗಿಂತ, ಬಿಳಿ ಗೋಡೆಯ ಪಡಸಾಲೆಯಲ್ಲಿ ಕಿನ್ನಾಳದ ಒಂದು ಕನ್ನಡಿ ಚೌಕಟ್ಟು ಲೂಯಿಯ ಕಾಲದ ಅಭಿರುಚಿಗೆ ಹೆಚ್ಚು ಹತ್ತಿರ.