ನಗರದ ಗಲಭೆಯೂ ನೆರೆಹೊರೆಯೂ

ಯಾವುದೋ ಪಟ್ಟಣದಲ್ಲಿ ಗಲಭೆಯಾಯಿತೆಂದು ಓದಿದಾಗ, ಊರಿಗೆ ಊರೇ ಹುಚ್ಚೆದ್ದು ಬೀದಿಗಿಳಿಯಿತೆಂದು ನಾವು ಊಹಿಸಿಕೊಳ್ಳುವೆವು. ವಾಸ್ತವ ಸ್ಥಿತಿ ಹಾಗಿರುವುದಿಲ್ಲ. ಒಂದು ಬೀದಿ ಹೊತ್ತಿ ಉರಿಯುತ್ತಿರುವಾಗ ಪಕ್ಕದ ಬೀದಿ ತಣ್ಣಗಿರಬಹುದು. ಎರಡು ಬೀದಿಗಳಿಗೂ ಮುಟ್ಟಿದ ಸುದ್ದಿ ಒಂದೇ. ಆದರೂ ಒಂದೆಡೆ ಕಲ್ಲೆಸೆಯುವ ಕೈ, ಇನ್ನೊಂದೆಡೆ ಅದನ್ನು ತಡೆಯುವ ಕೈ. ಈ ವ್ಯತ್ಯಾಸಕ್ಕೆ ಕಾರಣವೇನು? ಸಮಾಜಶಾಸ್ತ್ರಜ್ಞರನ್ನೂ ಮನಶ್ಶಾಸ್ತ್ರಜ್ಞರನ್ನೂ ಬಹುಕಾಲದಿಂದ ಕಾಡಿರುವ ಪ್ರಶ್ನೆಯಿದು.

ಅಮೆರಿಕದ ಡೆಟ್ರಾಯಿಟ್ ನಗರದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೋಟಾರು ತಯಾರಿಕೆಗೆ ಹೆಸರಾದ ಈ ನಗರದ ಕಾರ್ಖಾನೆಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಯನ್ನು ತಯಾರಿಸತೊಡಗಿದವು. ಕೆಲಸವನ್ನರಸಿ ದಕ್ಷಿಣದ ರಾಜ್ಯಗಳಿಂದ ಬಿಳಿಯರೂ ಕಪ್ಪುಜನರೂ ಸಾವಿರಗಟ್ಟಲೆ ಬಂದು ಸೇರಿದರು. ಬಂದವರಿಗೆಲ್ಲ ಮನೆಗಳು ಸಾಲಲಿಲ್ಲ. ಕಪ್ಪುಜನರಂತೂ ಇಕ್ಕಟ್ಟಾದ ಕೆಲವೇ ಕೇರಿಗಳಲ್ಲಿ ಬದುಕಬೇಕಾಗಿತ್ತು.

1943ರ ಜೂನ್ 20, ಭಾನುವಾರ. ಸೆಕೆಯ ದಿನ. ನಗರದ ಅಂಚಿನ ಬೆಲ್ ಐಲ್ ಎಂಬ ನದೀದ್ವೀಪದ ಉದ್ಯಾನದಲ್ಲಿ ಜನ ಕಿಕ್ಕಿರಿದಿದ್ದರು. ಸಂಜೆಯ ಹೊತ್ತಿಗೆ ದ್ವೀಪದ ಸೇತುವೆಯ ಬಳಿ ಎರಡು ಜನಾಂಗದವರ ನಡುವೆ ಹೊಡೆದಾಟವಾಯಿತು. ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಸಣ್ಣ ಜಗಳ. ಆದರೆ ಆ ರಾತ್ರಿ ಎರಡು ಸುದ್ದಿಗಳು ಹೊರಟವು. ಬಿಳಿಯರು ಒಬ್ಬ ಕಪ್ಪು ಹೆಂಗಸನ್ನೂ ಅವಳ ಕೂಸನ್ನೂ ಸೇತುವೆಯಿಂದ ನೀರಿಗೆಸೆದರೆಂದು ಕಪ್ಪುಜನರ ಕೇರಿಗಳಲ್ಲಿ. ಕಪ್ಪುಜನರು ಸೇತುವೆಯ ಬಳಿ ಒಬ್ಬ ಬಿಳಿಯ ಹೆಂಗಸನ್ನು ಕೆಡಿಸಿ ಕೊಂದರೆಂದು ಬಿಳಿಯರ ಕೇರಿಗಳಲ್ಲಿ. ಎರಡೂ ಸುಳ್ಳು. ಸೇತುವೆ ಅದೇ, ಕಥೆಯೂ ಬಹುಮಟ್ಟಿಗೆ ಅದೇ. ಪಾತ್ರಗಳು ಮಾತ್ರ ಅದಲುಬದಲು! ಮರುದಿನ ರಾತ್ರಿ ಕೇಂದ್ರದ ಸೈನ್ಯವು ಬಂದು ಗಲಭೆಯನ್ನು ನಿಲ್ಲಿಸುವಷ್ಟರಲ್ಲಿ 34 ಜನ ಸತ್ತಿದ್ದರು. ಅವರಲ್ಲಿ 25 ಮಂದಿ ಕಪ್ಪುಜನರು. ಆ 25ರಲ್ಲಿ 17 ಮಂದಿ ಪೊಲೀಸರಿಂದ ಹತರಾದವರು.

ವದಂತಿಗೆ ಇಷ್ಟು ಬಲ ಎಲ್ಲಿಂದ ಬಂದಿತು? ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1947ರಲ್ಲಿ ಇದಕ್ಕೊಂದು ಸೂತ್ರವನ್ನು ಕೊಟ್ಟರು. ವಿಷಯದ ಮಹತ್ವವನ್ನು ಅದರ ಅಸ್ಪಷ್ಟತೆಯಿಂದ ಗುಣಿಸಿದರೆ ಬರುವುದೇ ವದಂತಿಯ ಬಲ. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಪರೀಕ್ಷೆ ಮುಂದಕ್ಕೆ ಹೋಯಿತೆಂಬ ಗಾಳಿಸುದ್ದಿ ಕಾಲೇಜಿನಲ್ಲಿ ಕ್ಷಣದಲ್ಲಿ ಹರಡುವುದಷ್ಟೆ? ಪ್ರಾಂಶುಪಾಲರ ರುಜುವಿರುವ ಒಂದು ಚೀಟಿಯನ್ನು ಫಲಕಕ್ಕೆ ಅಂಟಿಸಿದೊಡನೆ ಅದು ಸತ್ತುಹೋಗುತ್ತದೆ. ವಿಷಯದ ಮಹತ್ವ ಕಡಮೆಯಾಗಲಿಲ್ಲ, ಅಸ್ಪಷ್ಟತೆ ಇಲ್ಲವಾಯಿತು. ಆದರೆ ಚೀಟಿಗೆ ರುಜು ಹಾಕಿದವರಲ್ಲಿ ನಮಗೆ ನಂಬಿಕೆಯಿರಬೇಕು. ಆ ನಂಬಿಕೆ ಗಲಭೆಯ ದಿನ ಹುಟ್ಟುವಂಥದಲ್ಲ, ಮೊದಲೇ ಇರಬೇಕಾದುದು.

ಹಾಗಾದರೆ ಗುಂಪಿಗೆ ಬುದ್ಧಿಯೇ ಇಲ್ಲವೆ? ಫ್ರಾನ್ಸಿನ ಗುಸ್ತಾವ್ ಲ ಬಾನ್ 1895ರಲ್ಲಿ ಇಲ್ಲವೆಂದೇ ವಾದಿಸಿದನು. ಗುಂಪಿನಲ್ಲಿ ಸೇರಿದ ಮನುಷ್ಯನು ವಿವೇಕವನ್ನು ಕಳೆದುಕೊಂಡು ಅನಾಗರಿಕನಾಗುವನೆಂಬುದು ಅವನ ಮತ. ಗುಂಪೆಂದರೆ ಮೃಗವೆಂದಾದರೆ ಅದರೊಡನೆ ಮಾತಿಲ್ಲ, ಲಾಠಿಯೊಂದೇ ಉಪಾಯವೆಂದಾಗುತ್ತದೆ. ಆದರೆ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ 1980ರ ಏಪ್ರಿಲ್ 2ರಂದು ನಡೆದ ಗಲಭೆಯನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡುಬಂದಿತು. ಅಲ್ಲಿನ ಒಂದು ಕಾಫಿ ಅಂಗಡಿಯ ಮೇಲೆ ಪೊಲೀಸರು ದಾಳಿ ಮಾಡಿದುದೇ ಗಲಭೆಗೆ ಮೊದಲಾಯಿತು. ಜನ ಪೊಲೀಸರ ಮೇಲೆ ಕಲ್ಲೆಸೆದರು; ಬ್ಯಾಂಕಿಗೆ ಬೆಂಕಿ ಬಿದ್ದಿತು. ಆದರೆ ನೆರೆಯವರ ಮನೆಗಳನ್ನು ಅವರು ಮುಟ್ಟಲಿಲ್ಲ. ಪೊಲೀಸರು ಬಡಾವಣೆಯ ಎಲ್ಲೆಯನ್ನು ದಾಟಿ ಹಿಮ್ಮೆಟ್ಟಿದಾಗ ಗುಂಪು ಅವರನ್ನು ಬೆನ್ನಟ್ಟದೆ ನಿಂತಿತು. ಕೆಲವರು ವಾಹನಗಳಿಗೆ ದಾರಿ ತೋರಿಸುತ್ತಲೂ ಇದ್ದರು. ಮಾಡಿದುದು ಸರಿಯೆಂದು ಇದರ ಅರ್ಥವಲ್ಲ. ಗುಂಪಿಗೂ ‘ನಾವು ಯಾರು, ನಮ್ಮವರು ಯಾರು’ ಎಂಬ ಕಲ್ಪನೆಯಿರುತ್ತದೆ. ಅದರ ನಡತೆಯನ್ನು ಆ ಕಲ್ಪನೆಯೇ ನಿರ್ಧರಿಸುತ್ತದೆ ಎಂಬುದು ತಾತ್ಪರ್ಯ.

‘ನಮ್ಮವರು’ ಎಂಬ ಮಾತಿನ ವ್ಯಾಪ್ತಿ ಎಷ್ಟು ದೊಡ್ಡದು ಎಂಬುದರಲ್ಲಿಯೇ ನಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಮತ್ತೆ ಡೆಟ್ರಾಯಿಟಿಗೆ ಬರೋಣ. ಬೀದಿಗಳಲ್ಲಿ ರಕ್ತ ಹರಿಯುತ್ತಿದ್ದ ಆ ಸೋಮವಾರ, ಎರಡು ಜನಾಂಗದವರೂ ಜೊತೆಯಾಗಿ ದುಡಿಯುತ್ತಿದ್ದ ಕಾರ್ಖಾನೆಗಳೊಳಗೆ ಹೊಡೆದಾಟವಾಗಲಿಲ್ಲ. ವೇಯ್ನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಪಾಠ ಕೇಳಿದರು. ಇಬ್ಬರೂ ನೆರೆಹೊರೆಯವರಾಗಿ ಬಾಳುತ್ತಿದ್ದ ಬಡಾವಣೆಗಳೂ ಶಾಂತವಾಗಿದ್ದವು.

ನಮ್ಮ ದೇಶದ ಅನುಭವವೂ ಇದೇ. ಅಶುತೋಷ್ ವರ್ಷ್ನೇಯ ಎಂಬ ರಾಜ್ಯಶಾಸ್ತ್ರಜ್ಞರು 1950ರಿಂದ 1995ರವರೆಗಿನ ಹಿಂದೂ–ಮುಸ್ಲಿಂ ಗಲಭೆಗಳ ಲೆಕ್ಕವನ್ನು ತೆಗೆದರು. ಸತ್ತವರಲ್ಲಿ ಸುಮಾರು ಶೇಕಡ 46 ಮಂದಿ ಕೇವಲ ಎಂಟು ನಗರಗಳವರು. ಹಳ್ಳಿಗಳ ಪಾಲು ಶೇಕಡ 4ಕ್ಕಿಂತಲೂ ಕಡಮೆ. ಅನಂತರ ಅವರು ಗಲಭೆಗೆ ಹೆಸರಾದ ಅಲೀಗಢವನ್ನು ಶಾಂತವಾಗಿದ್ದ ಕಲ್ಲಿಕೋಟೆಯೊಡನೆ ಹೋಲಿಸಿದರು. ಎರಡೂ ಊರುಗಳಲ್ಲಿ ಮುಸ್ಲಿಮರ ಪ್ರಮಾಣ ಹೆಚ್ಚುಕಡಮೆ ಒಂದೇ. ಆದರೆ ಕಲ್ಲಿಕೋಟೆಯಲ್ಲಿ ಎರಡು ಮತದವರ ಮಕ್ಕಳೂ ಕೂಡಿ ಆಡುವರೆಂದವರು ಶೇಕಡ 90ರಷ್ಟು. ಅಲೀಗಢದಲ್ಲಿ ಶೇಕಡ 42. ಕಲ್ಲಿಕೋಟೆಯಲ್ಲಿ ವರ್ತಕರ ಸಂಘ, ಕಾರ್ಮಿಕರ ಸಂಘ, ವಾಚನಾಲಯ ಮೊದಲಾದವುಗಳಲ್ಲಿ ಇಬ್ಬರೂ ಇದ್ದರು. ವದಂತಿ ಹೊರಟಾಗ ಆಚೆಯ ಕೇರಿಯಲ್ಲಿ ವಿಚಾರಿಸಲು ಪರಿಚಯದವರೊಬ್ಬರು ಇರುತ್ತಿದ್ದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು; ಪರಾಂಬರಿಸುವುದಕ್ಕೆ ಆಚೆಯ ಮನೆಯ ಬಾಗಿಲು ತೆರೆದಿರಬೇಕಲ್ಲವೆ?

ಇಂತಹ ಬಾಂಧವ್ಯವನ್ನು ಪ್ರಯತ್ನದಿಂದ ಬೆಳೆಸಬಹುದು. ಮಹಾರಾಷ್ಟ್ರದ ಮಗ್ಗಗಳ ಊರಾದ ಭಿವಂಡಿಯು 1970ರಲ್ಲಿಯೂ 1984ರಲ್ಲಿಯೂ ಘೋರ ಗಲಭೆಗಳನ್ನು ಕಂಡಿತ್ತು. 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅವರು ಎರಡು ಮತದವರನ್ನೂ ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ನೆರೆಯ ಮುಂಬಯಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ಶಾಂತಿಯೇ ನ್ಯಾಯವಲ್ಲ. ಡೆಟ್ರಾಯಿಟಿನಲ್ಲಿ 1943ರ ಗಲಭೆ ಅಡಗಿದರೂ ವಸತಿ, ಉದ್ಯೋಗ ಮತ್ತು ಪೊಲೀಸರ ನಡವಳಿಕೆಗಳ ಬಗೆಗಿನ ಅಸಮಾಧಾನ ಅಡಗಲಿಲ್ಲ. 1967ರ ಜುಲೈಯಲ್ಲಿ ಅದೇ ನಗರ ಮತ್ತೆ ಹೊತ್ತಿಕೊಂಡು 43 ಜನ ಸತ್ತರು. ಆ ವರ್ಷದ ಗಲಭೆಗಳನ್ನು ವಿಚಾರಿಸಿದ ಕರ್ನರ್ ಆಯೋಗವು 1968ರಲ್ಲಿ ಬೊಟ್ಟುಮಾಡಿದುದು ಈ ಹಳೆಯ ಕಾರಣಗಳನ್ನೇ. ನೆರೆಹೊರೆಯ ನಂಬಿಕೆ ಕಿಡಿಯನ್ನು ಆರಿಸಬಲ್ಲುದು. ಒಣಗಿದ ಸೌದೆಯನ್ನು ತೆಗೆದುಹಾಕುವುದು ನ್ಯಾಯದ ಕೆಲಸ. ಯಾವ ನಗರಕ್ಕೂ ಇವೆರಡೂ ಬೇಕು.