ದವಡೆಯ ಮೂಳೆ ಮತ್ತು ಲೋಹದ ಬೇರು: ದಂತ ಇಂಪ್ಲಾಂಟ್ ಚಿಕಿತ್ಸೆಯ ತತ್ತ್ವ ಮತ್ತು ಮಿತಿ

ಪೀಠಿಕೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯು ಹಲ್ಲು ಕಳೆದುಕೊಳ್ಳುವುದನ್ನು ಮುಪ್ಪಿನ ಅನಿವಾರ್ಯ ಫಲವೆಂದು ಒಪ್ಪಿಕೊಂಡಿದ್ದ ಕಾಲದ್ದು. ಆ ಅನಿವಾರ್ಯತೆಯನ್ನು ಇಂದಿನ ವೈದ್ಯಶಾಸ್ತ್ರ ಪ್ರಶ್ನಿಸಿದೆ. ಹಲ್ಲಿಲ್ಲದ ಸ್ಥಳದಲ್ಲಿ ದವಡೆಯ ಮೂಳೆಯೊಳಗೆ ಲೋಹದ ಬೇರೊಂದನ್ನು ನೆಟ್ಟು, ಅದರ ಮೇಲೆ ಕೃತಕ ಹಲ್ಲನ್ನು ಕೂರಿಸುವ ದಂತ ಇಂಪ್ಲಾಂಟ್ ಚಿಕಿತ್ಸೆಯು ಈಗ ನಮ್ಮ ಅನೇಕ ಊರುಗಳಲ್ಲಿ ದೊರೆಯುತ್ತಿದೆ. ‘ಶಾಶ್ವತ ಹಲ್ಲು’ ಎಂಬ ಹೆಸರಿನಲ್ಲಿ ಅದರ ಪ್ರಚಾರವೂ ನಡೆದಿದೆ. ಆದರೆ ಈ ಚಿಕಿತ್ಸೆಯ ಯಶಸ್ಸು ಲೋಹಕ್ಕಿಂತ ಹೆಚ್ಚಾಗಿ, ಆ ಲೋಹವನ್ನು ಒಪ್ಪಿಕೊಂಡು ಹಿಡಿದಿಡುವ ಜೀವಂತ ಮೂಳೆಯನ್ನು ಅವಲಂಬಿಸಿದೆ. ಈ ಒಂದು ಸಂಗತಿಯನ್ನು ಅರಿತರೆ ಚಿಕಿತ್ಸೆಯ ಕ್ರಮ, ಅದು ಬೇಡುವ ತಾಳ್ಮೆ ಹಾಗೂ ಅದರ ಮಿತಿಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ಬಗ್ಗೆ ಒಂದು ಮಾತು. ಇದನ್ನು ಕೆಲವರು ‘ದಂತ ಕಸಿ’ ಎಂದು ಕರೆಯುವುದುಂಟು. ಕಸಿ ಎಂದರೆ ಜೀವವುಳ್ಳ ಒಂದು ಭಾಗವನ್ನು ಜೀವವುಳ್ಳ ಮತ್ತೊಂದಕ್ಕೆ ಕೂಡಿಸುವುದು. ಮಾವಿನ ಕಸಿಯಲ್ಲಿ ಎರಡೂ ಕಡೆಯ ರಸ ಒಂದಾಗಿ ಹರಿಯುತ್ತದೆ. ಇಂಪ್ಲಾಂಟಿನಲ್ಲಾದರೋ ಒಂದು ಪಕ್ಷ ಮಾತ್ರ ಜೀವಂತ, ಇನ್ನೊಂದು ನಿರ್ಜೀವ ಲೋಹ. ಆದ್ದರಿಂದ ಇಲ್ಲಿ ಇಂಪ್ಲಾಂಟ್ ಎಂಬ ರೂಢಿಯ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಹಲ್ಲು ಹೋದ ಮೇಲೆ

ಸಹಜವಾದ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರು ಮತ್ತು ಮೂಳೆಯ ನಡುವೆ ಸುಮಾರು ೦.೨ ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ಅಗಿಯುವಾಗ ಬೀಳುವ ಭಾರವನ್ನು ಈ ನಾರುಗಳು ಮೂಳೆಗೆ ಹಂಚುತ್ತವೆ. ಹಲ್ಲಿನ ಸುತ್ತಲಿನ ಮೂಳೆಯ ಅಸ್ತಿತ್ವವು ಹಲ್ಲಿನ ಅಸ್ತಿತ್ವಕ್ಕೆ ಕಟ್ಟುಬಿದ್ದದ್ದು. ಹಲ್ಲು ಹೋದೊಡನೆ ಆ ಮೂಳೆಗೆ ಕೆಲಸವಿಲ್ಲದಾಗಿ ಅದು ಕರಗತೊಡಗುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿಯೇ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧದಷ್ಟು ಕುಗ್ಗಬಹುದು. ಈ ಕುಗ್ಗುವಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ನಡೆಯುತ್ತದೆ.

ಪೂರ್ಣ ದಂತಪಂಕ್ತಿ, ಅಂದರೆ ಜನರಾಡುವ ‘ಹಲ್ಲು ಸೆಟ್ಟು’, ಧರಿಸಿದವರನ್ನು ದೀರ್ಘಕಾಲ ಗಮನಿಸಿ ೧೯೭೨ರಲ್ಲಿ ಪ್ರಕಟವಾದ ಟಾಲ್‌ಗ್ರೆನ್ ಅವರ ಅಧ್ಯಯನವು ಮೇಲಿನ ದವಡೆಗಿಂತ ಕೆಳದವಡೆಯ ಮೂಳೆ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುವುದೆಂದು ತೋರಿಸಿತು. ಕೆನ್ನೆ ಒಳಗೆ ಸೇರಿ ಗಲ್ಲ ಮುಂದೆ ಚಾಚಿದಂತೆ ಕಾಣುವ ವೃದ್ಧರ ಮುಖಕ್ಕೆ ಈ ಸವೆತವೂ ಒಂದು ಕಾರಣ. ಮೇಲಿನ ಸೆಟ್ಟು ಅಂಗುಳನ್ನು ಹಿಡಿದು ನಿಲ್ಲುತ್ತದೆ. ಕೆಳಗಿನ ಸೆಟ್ಟಿಗೆ ಅಂತಹ ಆಸರೆಯಿಲ್ಲ. ‘ಮೇಲಿನದು ಸರಿಯಾಗಿದೆ, ಕೆಳಗಿನದು ಕುಣಿಯುತ್ತದೆ’ ಎಂಬ ಸಾಮಾನ್ಯ ದೂರಿನ ಮೂಲ ಇಲ್ಲಿದೆ. ಒಂದೆರಡು ಹಲ್ಲು ಮಾತ್ರ ಹೋದಾಗ ಪಕ್ಕದ ಹಲ್ಲುಗಳನ್ನು ಉಜ್ಜಿ ಕಿರಿದಾಗಿಸಿ ಸೇತುವೆ ಕಟ್ಟುವ ಪದ್ಧತಿ ಇದೆ. ಅದು ಉಪಯುಕ್ತವಾದರೂ ನೆರೆಯ ಆರೋಗ್ಯವಂತ ಹಲ್ಲುಗಳ ಹೊರಕವಚವನ್ನು ಬಲಿಕೊಡಬೇಕಾಗುತ್ತದೆ.

ಆಕಸ್ಮಿಕವಾಗಿ ಕಂಡ ಸತ್ಯ

ಮೂಳೆಯಲ್ಲೇ ಹಲ್ಲು ನೆಡುವ ಆಸೆ ಹೊಸದಲ್ಲ. ೧೯೩೧ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ದೊರೆತ ಪ್ರಾಚೀನ ಮಾಯಾ ಜನರ ಕೆಳದವಡೆಯೊಂದರಲ್ಲಿ ಚಿಪ್ಪಿನಿಂದ ಕೆತ್ತಿದ ಮೂರು ಹಲ್ಲುಗಳಿದ್ದವು. ಅದು ಕ್ರಿಸ್ತಶಕ ೬೦೦ರ ಆಸುಪಾಸಿನದೆಂದು ಹೇಳಲಾಗಿದೆ. ಆ ಬಳಿಕ ಚಿನ್ನ, ಪ್ಲಾಟಿನಂ, ಉಕ್ಕು ಮುಂತಾದ ಲೋಹಗಳ ಪ್ರಯೋಗಗಳು ನಡೆದವು. ಬಹುತೇಕ ಪ್ರಯೋಗಗಳಲ್ಲಿ ಲೋಹದ ಸುತ್ತ ಮೂಳೆಯ ಬದಲು ನಾರಿನ ಕೋಶ ಬೆಳೆದು, ನೆಟ್ಟದ್ದು ಸಡಿಲವಾಗುತ್ತಿತ್ತು.

ತಿರುವು ಬಂದದ್ದು ದಂತವೈದ್ಯಕ್ಕೆ ಸಂಬಂಧಿಸದ ಸಂಶೋಧನೆಯೊಂದರಿಂದ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು ೧೯೫೦ರ ದಶಕದ ಆರಂಭದಲ್ಲಿ ಲುಂಡ್ ನಗರದಲ್ಲಿ ಮೂಳೆಯೊಳಗಿನ ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಕವಚದ ಸೂಕ್ಷ್ಮ ವೀಕ್ಷಣಾ ಕೋಶವನ್ನು ಕೂರಿಸಿ, ಸೂಕ್ಷ್ಮದರ್ಶಕದಿಂದ ಜೀವಂತ ಮೂಳೆಯನ್ನು ನೋಡುವುದು ಅವರ ವಿಧಾನ. ಪ್ರಯೋಗ ಮುಗಿದು ಕೋಶವನ್ನು ಹೊರತೆಗೆಯಲು ಹೋದಾಗ ಅದು ಬರಲಿಲ್ಲ. ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಈ ಬೆಸುಗೆಗೆ ಮುಂದೆ ‘ಆಸಿಯೋಇಂಟಿಗ್ರೇಷನ್’ ಎಂಬ ಹೆಸರು ಬಂದಿತು. ಕನ್ನಡದಲ್ಲಿ ಇದನ್ನು ‘ಅಸ್ಥಿಸಂಲಗ್ನತೆ’ ಎನ್ನಬಹುದು.

೧೯೬೫ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಯಲ್ಲಿ ಬ್ರೋನೆಮಾರ್ಕ್ ನಾಲ್ಕು ಟೈಟಾನಿಯಂ ಬೇರುಗಳನ್ನು ನೆಟ್ಟರು. ಹುಟ್ಟಿನಿಂದಲೇ ಸೀಳು ಅಂಗುಳು ಮತ್ತು ದವಡೆಯ ನ್ಯೂನತೆಗಳಿದ್ದ ಲಾರ್ಸನ್ ಅವರಿಗೆ ಕೆಳದವಡೆಯಲ್ಲಿ ಹಲ್ಲುಗಳಿರಲಿಲ್ಲ. ೨೦೦೬ರಲ್ಲಿ ಅವರು ನಿಧನರಾಗುವವರೆಗೆ, ನಾಲ್ಕು ದಶಕಗಳ ಕಾಲ ಆ ಬೇರುಗಳು ಕೆಲಸ ಮಾಡಿದವು. ಆದರೂ ವೈದ್ಯಲೋಕ ಈ ವಿಧಾನವನ್ನು ಸುಲಭವಾಗಿ ಒಪ್ಪಲಿಲ್ಲ. ೧೯೮೨ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ದೀರ್ಘಾವಧಿಯ ದಾಖಲೆಗಳನ್ನು ಮಂಡಿಸಿದ ಮೇಲೆಯೇ ಅದಕ್ಕೆ ವ್ಯಾಪಕ ಮನ್ನಣೆ ದೊರೆಯಿತು.

ಮೂಳೆಯ ಒಪ್ಪಿಗೆ

ಗಾಳಿ ಸೋಕಿದ ಕ್ಷಣಾರ್ಧದಲ್ಲಿ ಟೈಟಾನಿಯಂನ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮೂಡುತ್ತದೆ. ದೇಹದ ಜೀವಕೋಶಗಳು ಸಂಧಿಸುವುದು ಬರಿಯ ಲೋಹವನ್ನಲ್ಲ, ಸ್ಥಿರವಾದ ಈ ಪದರವನ್ನು. ನೆಟ್ಟ ಬೇರಿನ ಸುತ್ತ ರಕ್ತ ಹೆಪ್ಪುಗಟ್ಟಿ, ಮೂಳೆ ಕಟ್ಟುವ ಕೋಶಗಳು ಬಂದು ನೆಲೆಸುತ್ತವೆ. ಮೊದಲು ಒರಟಾದ ಎಳೆಮೂಳೆ, ಬಳಿಕ ಗಟ್ಟಿಯಾದ ಪದರಮೂಳೆ ಬೆಳೆಯುತ್ತದೆ.

ಈ ಒಪ್ಪಿಗೆಗೆ ಎರಡು ಕಟ್ಟಳೆಗಳಿವೆ. ಮೊದಲನೆಯದು ಶಾಖ. ಮೂಳೆಯನ್ನು ಕೊರೆಯುವಾಗ ಅದರ ಉಷ್ಣತೆ ೪೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ನಿಂತರೂ ಅಲ್ಲಿನ ಕೋಶಗಳಿಗೆ ಹಾನಿಯಾಗುತ್ತದೆಂದು ೧೯೮೩ರ ಸ್ವೀಡನ್ನಿನ ಪ್ರಯೋಗಗಳು ತೋರಿಸಿದವು. ಆದ್ದರಿಂದಲೇ ಲವಣಜಲವನ್ನು ಹರಿಸುತ್ತ, ಹಂತಹಂತವಾಗಿ, ನಿಧಾನಗತಿಯಲ್ಲಿ ಕೊರೆಯಲಾಗುತ್ತದೆ. ಎರಡನೆಯದು ಅಲುಗಾಟ. ಹೊಸ ಬೇರು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಬಹಳ ಹೆಚ್ಚು ಕದಲುತ್ತಿದ್ದರೆ ಮೂಳೆಯ ಬದಲು ನಾರು ಬೆಳೆಯುವ ಅಪಾಯವಿದೆ.

ಇನ್ನೊಂದು ಸಂಗತಿ ರೋಗಿಗಳಿಗೆ ವಿಶೇಷವಾಗಿ ತಿಳಿದಿರಬೇಕು. ನೆಟ್ಟ ದಿನ ಬೇರು ಬಿಗಿಯಾಗಿರುವುದು ಯಾಂತ್ರಿಕ ಹಿಡಿತದಿಂದ. ಮುಂದಿನ ವಾರಗಳಲ್ಲಿ ಕೊರೆತದಿಂದ ನೊಂದ ಹಳೆಯ ಮೂಳೆ ಕರಗುತ್ತದೆ, ಹೊಸದಿನ್ನೂ ಬಲಿತಿರುವುದಿಲ್ಲ. ಹೀಗಾಗಿ ಮೂರು ನಾಲ್ಕು ವಾರಗಳ ಹೊತ್ತಿಗೆ ಹಿಡಿತ ಮೊದಲಿಗಿಂತ ತುಸು ಕಡಿಮೆಯಾಗಿರುತ್ತದೆ. ನಾಟಿ ಮಾಡಿದ ಸಸಿ ಬೇರು ಹಿಡಿಯುವ ಮುನ್ನ ಸೊರಗುವಂತಹ ಅವಧಿಯಿದು. ನೋವಿಲ್ಲವೆಂಬ ಧೈರ್ಯದಿಂದ ಈ ಸಮಯದಲ್ಲಿ ಗಟ್ಟಿ ಪದಾರ್ಥ ಅಗಿಯುವುದು ಸಲ್ಲದು.

ಚಿಕಿತ್ಸೆಯ ಕ್ರಮ

ಇಂಪ್ಲಾಂಟಿಗೆ ಮೂರು ಭಾಗಗಳು: ಮೂಳೆಯೊಳಗಿನ ತಿರುಪಿನಾಕಾರದ ಬೇರು, ಅದಕ್ಕೆ ಜೋಡಿಸುವ ಕಂಬ, ಮೇಲಿನ ಹಲ್ಲು. ಬೇರು ಸಾಮಾನ್ಯವಾಗಿ ೩ರಿಂದ ೫ ಮಿಲಿಮೀಟರ್ ದಪ್ಪ, ೮ರಿಂದ ೧೩ ಮಿಲಿಮೀಟರ್ ಉದ್ದವಿರುತ್ತದೆ. ನೆಡುವ ಮುನ್ನ ಕ್ಷಕಿರಣ ಚಿತ್ರ, ಅಗತ್ಯವಿದ್ದಲ್ಲಿ ಮೂರು ಆಯಾಮದ ಸ್ಕ್ಯಾನ್, ತೆಗೆದು ಮೂಳೆಯ ಎತ್ತರ ಅಗಲಗಳನ್ನು ಅಳೆಯಬೇಕು. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ನೀಡುವ ನರ ಹಾದುಹೋಗುತ್ತದೆ. ಅದರಿಂದ ಸುಮಾರು ೨ ಮಿಲಿಮೀಟರ್ ಅಂತರ ಕಾಯ್ದುಕೊಳ್ಳುವುದು ರೂಢಿ. ಮೇಲ್ದವಡೆಯ ಹಿಂಭಾಗದಲ್ಲಿ ಗಾಳಿ ತುಂಬಿದ ಸೈನಸ್ ಕುಹರವಿದೆ. ಮೂಳೆ ಸಾಲದಿದ್ದರೆ ಮೊದಲು ಮೂಳೆ ತುಂಬುವ ಚಿಕಿತ್ಸೆ ಬೇಕಾಗುತ್ತದೆ.

ಮೂಲ ಪದ್ಧತಿಯಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಲಾಗುತ್ತಿತ್ತು. ಬೇರಿನ ಮೈಯನ್ನು ಸೂಕ್ಷ್ಮವಾಗಿ ಒರಟಾಗಿಸುವ ತಂತ್ರ ಬಂದ ಮೇಲೆ ಈ ಅವಧಿ ಕಡಿಮೆಯಾಗಿದೆ. ಆಯ್ದ ಕೆಲವರಲ್ಲಿ ತಕ್ಷಣವೇ ತಾತ್ಕಾಲಿಕ ಹಲ್ಲು ಕೂರಿಸುವುದೂ ಸಾಧ್ಯ. ಆದರೆ ಅದು ಮೂಳೆಯ ಗುಣವನ್ನು ನೋಡಿ ವೈದ್ಯರು ತೀರ್ಮಾನಿಸಬೇಕಾದ ವಿಷಯ. ರೋಗಿಯ ಅವಸರ ಅದಕ್ಕೆ ಆಧಾರವಾಗಬಾರದು.

ಮಿತಿಗಳು

ಹತ್ತು ವರ್ಷಗಳ ನಂತರವೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟುಗಳು ಉಳಿದಿರುತ್ತವೆಂದು ಅಧ್ಯಯನಗಳು ಹೇಳುತ್ತವೆ. ಇದು ಎಲ್ಲರಿಗೂ ಸಮಾನವಾಗಿ ಅನ್ವಯಿಸದು. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಅದರ ಸುತ್ತಲಿನ ವಸಡಿಗೂ ಮೂಳೆಗೂ ಸೋಂಕು ತಗಲುತ್ತದೆ. ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರು ಅದೇ ಅಭ್ಯಾಸಗಳನ್ನು ಮುಂದುವರಿಸಿದರೆ ಇಂಪ್ಲಾಂಟನ್ನೂ ಕಳೆದುಕೊಳ್ಳಬಹುದು. ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ತಲೆ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು, ಮೂಳೆಸವೆತಕ್ಕೆ ಬಿಸ್ಫಾಸ್ಫೊನೇಟ್ ಔಷಧಿ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಅಡಿಕೆ, ಗುಟ್ಕಾಗಳ ಚಟದಿಂದ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದವರಿಗೆ ಉಪಕರಣವನ್ನು ಒಳಗೆ ಒಯ್ಯುವುದೇ ಕಷ್ಟ. ಬೆಳವಣಿಗೆ ಮುಗಿಯದ ಮಕ್ಕಳಿಗೆ ಇದು ಸಾಮಾನ್ಯವಾಗಿ ಸೂಕ್ತವಲ್ಲ. ದವಡೆ ಬೆಳೆದಂತೆ ಸಹಜ ಹಲ್ಲುಗಳು ಮುಂದೆ ಸರಿಯುತ್ತವೆ, ಮೂಳೆಗೆ ಬೆಸೆದ ಇಂಪ್ಲಾಂಟ್ ಹಿಂದೆಯೇ ಉಳಿಯುತ್ತದೆ.

ನಾರಿನ ಪದರವಿಲ್ಲದ ಕಾರಣ ಇಂಪ್ಲಾಂಟಿಗೆ ಸಹಜ ಹಲ್ಲಿನ ಸೂಕ್ಷ್ಮ ಸಂವೇದನೆಯೂ ಇಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಾಗ ಸಹಜ ಹಲ್ಲು ತಟ್ಟನೆ ಎಚ್ಚರಿಸುವಂತೆ ಇದು ಎಚ್ಚರಿಸದು. ಹಾಗಾಗಿ ಹಲ್ಲಿನ ಎತ್ತರ, ಕಚ್ಚುವಿಕೆಗಳನ್ನು ಬಹು ಎಚ್ಚರದಿಂದ ಹೊಂದಿಸಬೇಕಾಗುತ್ತದೆ.

ನಮ್ಮ ಸಂದರ್ಭ

ಪ್ರತಿ ಹಲ್ಲಿಗೂ ಒಂದು ಇಂಪ್ಲಾಂಟ್ ಎಂಬುದು ಸಾಮಾನ್ಯ ಕುಟುಂಬಕ್ಕೆ ಭರಿಸಲಾಗದ ವೆಚ್ಚ. ಬಡ ಹಿರಿಯ ನಾಗರಿಕರಿಗೆ ಉಚಿತ ದಂತಪಂಕ್ತಿ ನೀಡುವ ಕರ್ನಾಟಕದ ‘ದಂತ ಭಾಗ್ಯ’ ಯೋಜನೆಯು ಈ ಅಗತ್ಯವನ್ನು ಸರ್ಕಾರದ ಹೊಣೆಯೆಂದು ಗುರುತಿಸಿದ್ದು ಮಹತ್ವದ ಹೆಜ್ಜೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ೨೦೦೨ರಲ್ಲಿ ಸೇರಿದ ತಜ್ಞರು, ಪೂರ್ಣವಾಗಿ ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟುಗಳ ಆಸರೆಯ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು ಅಭಿಪ್ರಾಯಪಟ್ಟರು. ಮೇಲಿನ ದವಡೆಗೆ ಸಾಧಾರಣ ಸೆಟ್ಟು, ಕುಣಿಯುವ ಕೆಳಗಿನ ಸೆಟ್ಟಿಗೆ ಎರಡೇ ಎರಡು ಬೇರುಗಳ ಹಿಡಿತ: ಇದು ವೆಚ್ಚ ಮತ್ತು ಪ್ರಯೋಜನಗಳ ನಡುವಿನ ವಿವೇಕದ ದಾರಿ. ಸಾರ್ವಜನಿಕ ಯೋಜನೆಗಳು ಮುಂದೆ ಈ ದಿಕ್ಕಿನಲ್ಲಿ ಆಲೋಚಿಸಬಹುದಾಗಿದೆ.

ಚಿಕಿತ್ಸೆ ಪಡೆಯುವವರು ತಮ್ಮ ಬೇರು ಯಾವ ತಯಾರಿಕೆಯದು, ಅದರ ಅಳತೆಯೇನು ಎಂಬ ಲಿಖಿತ ದಾಖಲೆಯನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಒಂದು ತಯಾರಿಕೆಯ ತಿರುಪು ಇನ್ನೊಂದಕ್ಕೆ ಹೊಂದದಿರಬಹುದು. ಹತ್ತು ವರ್ಷಗಳ ಬಳಿಕ ಬೇರೊಂದು ಊರಿನಲ್ಲಿ ತಿರುಪು ಸಡಿಲವಾದರೆ ಆ ಸಣ್ಣ ಚೀಟಿಯೇ ದಾರಿ ತೋರುತ್ತದೆ.

ಉಪಸಂಹಾರ

ಇಂಪ್ಲಾಂಟ್ ಕಳೆದುಹೋದ ಹಲ್ಲನ್ನು ಮರಳಿ ತರುವುದಿಲ್ಲ. ಅದರ ಕೆಲಸದ ಬಹುಭಾಗವನ್ನು ವಹಿಸಿಕೊಳ್ಳುತ್ತದೆ. ‘ಶಾಶ್ವತ’ ಎಂಬ ವಿಶೇಷಣ ಅದಕ್ಕೆ ಸಲ್ಲುವುದು ಷರತ್ತಿನ ಮೇಲೆ. ವೈದ್ಯರ ಕೌಶಲ ಬೇರನ್ನು ನೆಡಬಲ್ಲುದು. ಅದನ್ನು ಹಿಡಿದಿಡಬೇಕಾದದ್ದು ಮೂಳೆ, ಆ ಮೂಳೆಯನ್ನು ಕಾಪಾಡಬೇಕಾದವರು ನಾವು. ಹಲ್ಲು ಕಿತ್ತ ಮೊದಲ ತಿಂಗಳುಗಳಲ್ಲೇ ಮೂಳೆ ಕುಗ್ಗುವುದರಿಂದ, ಮುಂದಿನ ಚಿಕಿತ್ಸೆಯ ಮಾತು ಹಲ್ಲು ಕೀಳುವ ಮುನ್ನವೇ ಆಗಬೇಕು. ಅದಕ್ಕೂ ಮೊದಲು, ಉಳಿಸಿಕೊಳ್ಳಬಹುದಾದ ಹಲ್ಲನ್ನು ಉಳಿಸಿಕೊಳ್ಳುವುದೇ ಎಲ್ಲ ಚಿಕಿತ್ಸೆಗಳಿಗಿಂತ ಅಗ್ಗವಾದ ಹಾಗೂ ಶ್ರೇಷ್ಠವಾದ ಮಾರ್ಗ.